ಅರಮನೆ ಮೈದಾನದ ಆ ಭಾನುವಾರ

ಕೇಳುಗರಿಗೆ ನಮಸ್ಕಾರ.

2011ರ ಅಕ್ಟೋಬರ್ 30ರಂದು, ಒಂದು ಭಾನುವಾರ, ಅಮೆರಿಕದ ಮೆಟಾಲಿಕಾ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿತು. ರಾಕ್ ಸಂಗೀತದ ಬಯಲು ಕಛೇರಿಯೊಂದಕ್ಕೆ ನಾನು ಹೋದದ್ದು ಅದೇ ಮೊದಲು. ಹೋಗಲು ಕಾರಣಳಾದವಳು ನನ್ನ ಗೆಳತಿ. ಆ ಸಂಜೆಯ ಬಗ್ಗೆ ಹೇಳುವ ಮುನ್ನ ಅವಳ ಬಗ್ಗೆ ಒಂದು ಮಾತು ಹೇಳಬೇಕು.

ಆರು ವರ್ಷದವಳಿದ್ದಾಗ ಬಂದ ಮಂಗನಬಾವಿನಿಂದ ಅವಳ ಎಡಗಿವಿಯ ಶ್ರವಣಶಕ್ತಿ ಪೂರ್ತಿಯಾಗಿ ಹೋಯಿತು. ಬಲಗಿವಿ ಚೆನ್ನಾಗಿದೆ. ಹೊರಗಿನವರಿಗೆ ಇದು ಗೊತ್ತಾಗುವುದೇ ಇಲ್ಲ. ಜೊತೆಯಲ್ಲಿ ಓಡಾಡುವವರಿಗೆ ಮಾತ್ರ ಗೊತ್ತು. ಆಟೋದಲ್ಲಿ ಅವಳು ಯಾವಾಗಲೂ ಎಡತುದಿಗೆ ಸರಿದು ಕೂರುತ್ತಾಳೆ. ಹೋಟೆಲಿನಲ್ಲಿ ಎಲ್ಲರೂ ತನ್ನ ಬಲಕ್ಕೆ ಬರುವಂಥ ಜಾಗವನ್ನು ಹುಡುಕುತ್ತಾಳೆ. ಒಂದೇ ಕಿವಿಯಿಂದ ಕೇಳುವವರಿಗೆ ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ, ಗದ್ದಲದ ನಡುವಿನಿಂದ ಒಂದು ದನಿಯನ್ನು ಬೇರ್ಪಡಿಸಿ ಹಿಡಿಯುವುದು ಇನ್ನೂ ಕಷ್ಟ. ಪ್ರತಿವರ್ಷ ನಾವಿಬ್ಬರೂ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ರಾಮನವಮಿ ಸಂಗೀತೋತ್ಸವಕ್ಕೆ ಹೋಗುತ್ತಿದ್ದೆವು. ಅಲ್ಲಿ, ಚಪ್ಪರದ ಕೆಳಗೆ, ಹಿಂದಿನ ಸಾಲಿನವರ ಪಿಸುಮಾತು, ಫ್ಯಾನಿನ ಸದ್ದು, ಹೊರಗಿನ ವಾಹನಗಳ ಮೊರೆತ ಎಲ್ಲವೂ ಒಂದೇ ಕಿವಿಗೆ ನುಗ್ಗುವಾಗ ಪಿಟೀಲಿನ ಸೂಕ್ಷ್ಮ ಗಮಕಗಳು ತನಗೆ ಕೈತಪ್ಪಿ ಹೋಗುತ್ತವೆ ಎಂದು ಅವಳು ಒಮ್ಮೆ ಹೇಳಿದ್ದಳು. ಅಂಥವಳು ಅಷ್ಟೊಂದು ಅಬ್ಬರದ ಸಂಗೀತವನ್ನು ಏಕೆ ಇಷ್ಟಪಡುತ್ತಾಳೆ ಎಂಬುದು ನನಗೆ ಎಷ್ಟೋ ವರ್ಷ ಅರ್ಥವಾಗಿರಲಿಲ್ಲ.

ಬೆಂಗಳೂರಿನ ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ದೆಹಲಿಯ ಬಳಿಯ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಇದೇ ತಂಡದ ಕಾರ್ಯಕ್ರಮ ರದ್ದಾಗಿತ್ತು. ಬೆಂಗಳೂರಿನದೂ ನಡೆಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಅವಳು ಶನಿವಾರವೆಲ್ಲ ಕಳೆದಳು. ಭಾನುವಾರ ಬೆಳಿಗ್ಗೆಯೇ ನನ್ನ ಮನೆಗೆ ಬಂದು, "ಏಳೇ, ಹೊತ್ತು ಹೋಗಲಿ, ಮೊದಲು ಮೆಟ್ರೋ ನೋಡೋಣ" ಎಂದಳು. ನಮ್ಮ ಮೆಟ್ರೋದ ಮೊದಲ ಹಂತ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಅದೇ ತಿಂಗಳ 20ರಂದು ಆರಂಭವಾಗಿತ್ತು. ಮಕ್ಕಳ ಜೊತೆಗೆ ಮಕ್ಕಳಾಗಿ ಕಿಟಕಿಗೆ ಮುಖವಿಟ್ಟು ಆ ದೂರವನ್ನು ಎರಡು ಸಲ ಓಡಾಡಿ, ಮಧ್ಯಾಹ್ನ ಆಟೋ ಹಿಡಿದೆವು. ವಸಂತನಗರದ ತುದಿಗೆ ಬರುವಷ್ಟರಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಉಳಿದ ದಾರಿಯನ್ನು ಕಪ್ಪು ಅಂಗಿ ತೊಟ್ಟ ನೂರಾರು ಹುಡುಗ ಹುಡುಗಿಯರ ಜೊತೆ ನಡೆದೇ ಕ್ರಮಿಸಿದೆವು.

ಅರಮನೆ ಮೈದಾನವು ಈ ಬಗೆಯ ಸಂಗೀತಕ್ಕೆ ಹೊಸದಲ್ಲ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದದ್ದು ಇಲ್ಲಿಗೇ. ಐರನ್ ಮೇಡನ್ ಭಾರತದಲ್ಲಿ ಮೊದಲು ನುಡಿಸಿದ್ದು ಇದೇ ನೆಲದ ಮೇಲೆ ಎಂಬುದನ್ನು ಬೆಂಗಳೂರಿನ ರಾಕ್ ಪ್ರಿಯರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಅಭಿಮಾನ ನ್ಯಾಯವಾದದ್ದೇ. ಕಾಲೇಜು ಉತ್ಸವಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ, ಎರವಲು ತಂದ ಗಿಟಾರುಗಳಲ್ಲಿ ಈ ಊರಿನ ಹುಡುಗರು ಎಷ್ಟೋ ವರ್ಷ ಅಭ್ಯಾಸ ಮಾಡಿ ಬೆಳೆಸಿದ ರಸಿಕತೆ ಇಲ್ಲದಿದ್ದರೆ ಅಂಥ ತಂಡಗಳು ಇಲ್ಲಿಗೆ ಬರುತ್ತಿರಲಿಲ್ಲ. ಮೆಟಾಲಿಕಾಗಿಂತ ಮೊದಲು ವೇದಿಕೆ ಏರಿದವರಲ್ಲಿ ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡವೂ ಇತ್ತು.

ಮಳೆಗೆ ನೆಲ ಕೆಸರಾಗಿತ್ತು. ಇಟ್ಟ ಹೆಜ್ಜೆಯನ್ನು ಕೀಳಬೇಕಾದರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಜನ ಸೇರಿದಂತೆ ಮೊಬೈಲಿನ ಸಿಗ್ನಲ್ ಸತ್ತುಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ತಪ್ಪಿಹೋದರೆ ಸೇರಬೇಕಾದ ಜಾಗವೆಂದು ಮೈದಾನದ ನಡುವಿನ ಒಂದು ಸ್ಪೀಕರ್ ಗೋಪುರವನ್ನು ಮೊದಲೇ ಗೊತ್ತುಮಾಡಿದಳು. ಆಮೇಲೆ ತನ್ನ ಕೈಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು. ಅದರಲ್ಲಿ ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಹಳದಿ ಬಿರಡೆಗಳಿದ್ದವು. ಎರಡನ್ನು ನನಗೆ ಕೊಟ್ಟಳು. ಒಂದನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಬಲಗಿವಿಯ ತುದಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಅದು ಅರಳಿ ಕೂರುವವರೆಗೆ ಬೆರಳನ್ನು ಒತ್ತಿ ಹಿಡಿದಳು. ದೇವರ ದೀಪವನ್ನು ಗಾಳಿಯಿಂದ ಕಾಯುವವರ ಎಚ್ಚರ ಆ ಬೆರಳಿನಲ್ಲಿತ್ತು. 85 ಡೆಸಿಬೆಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆದುಕೊಳ್ಳುತ್ತದೆ. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಆ ಅವಧಿ ಅರ್ಧಕ್ಕಿಳಿಯುತ್ತ 100 ಡೆಸಿಬೆಲ್‌ನಲ್ಲಿ ಹದಿನೈದು ನಿಮಿಷಕ್ಕೆ ಬರುತ್ತದೆ ಎಂಬ ಲೆಕ್ಕವನ್ನು ನನಗೆ ಹೇಳಿಕೊಟ್ಟವಳೂ ಅವಳೇ. ಇಂಥ ಕಾರ್ಯಕ್ರಮಗಳಲ್ಲಿ ಸದ್ದು 100 ದಾಟುವುದು ಸಾಮಾನ್ಯ. ಕೇಳುಗರೇ, ಬಯಲು ಕಾರ್ಯಕ್ರಮಕ್ಕೆ ಹೋಗುವ ನಿಮ್ಮ ಮನೆಯ ಮಕ್ಕಳಿಗೆ ಔಷಧದ ಅಂಗಡಿಯಲ್ಲಿ ದೊರೆಯುವ ಈ ಬಿರಡೆಗಳನ್ನು ದಯವಿಟ್ಟು ಕೊಟ್ಟು ಕಳುಹಿಸಿ.

ಕತ್ತಲಾದ ಮೇಲೆ ಮೆಟಾಲಿಕಾ ವೇದಿಕೆಗೆ ಬಂದಿತು. ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಮೊದಲ ಏಟು ಹೊಡೆದಾಗ ನನಗೆ ಅದು ಕಿವಿಯಲ್ಲಿ ಕೇಳಿಸುವ ಮೊದಲು ಪಕ್ಕೆಲುಬಿನಲ್ಲಿ ತಿಳಿಯಿತು. ಅಂಗಿಯ ಬಟ್ಟೆ ಎದೆಯ ಮೇಲೆ ಅದುರಿತು. ಕೈಯಲ್ಲಿದ್ದ ನೀರಿನ ಬಾಟಲಿ ನಡುಗಿತು. ಕೀಚು ಸ್ವರಗಳನ್ನು ಮುಂದೆ ನಿಂತ ಜನರ ಮೈ, ಬಟ್ಟೆಗಳು ಹೀರಿಕೊಳ್ಳುತ್ತವೆ, ಗಾಳಿಯೂ ಸವೆಸುತ್ತದೆ. ಆದರೆ ಸೆಕೆಂಡಿಗೆ ಐವತ್ತು ಸಲ ಕಂಪಿಸುವ ಮಂದ್ರದ ಅಲೆಯೊಂದು ಸುಮಾರು ಏಳು ಮೀಟರ್ ಉದ್ದವಿರುವುದರಿಂದ ಮನುಷ್ಯರನ್ನು ಸುತ್ತಿ ಬಳಸಿ ಹಿಂದಿನವರೆಗೂ ಬರುತ್ತದೆ. ನಾವು ನಿಂತಿದ್ದುದು ವೇದಿಕೆಯಿಂದ ನೂರು ಮೀಟರಿನಷ್ಟು ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವ ಕಾರಣ, ದೊಡ್ಡ ಪರದೆಯ ಮೇಲೆ ಕೋಲು ತಮಟೆಗೆ ತಾಗಿದ ಮೇಲೆ ಸೆಕೆಂಡಿನ ಕಾಲುಭಾಗಕ್ಕೂ ಹೆಚ್ಚು ಹೊತ್ತು ಕಳೆದು ಪೆಟ್ಟು ನಮ್ಮನ್ನು ಮುಟ್ಟುತ್ತಿತ್ತು. ನಡುವಿನ ಗೋಪುರದ ಸ್ಪೀಕರುಗಳನ್ನೂ ಬೇಕೆಂದೇ ಅಷ್ಟು ತಡಮಾಡಿ ನುಡಿಸುತ್ತಾರೆ. ಇಲ್ಲವಾದರೆ ಹಿಂದಿನವರಿಗೆ ಪ್ರತಿ ಪೆಟ್ಟೂ ಎರಡು ಸಲ ಕೇಳಿಸುತ್ತದೆ.

ಮೂರನೆಯ ಹಾಡಿನ ಹೊತ್ತಿಗೆ ಗೆಳತಿ ನನ್ನ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿ ತಂದು, "ಎರಡೂ ಗಿಟಾರ್ ಕೇಳಿಸ್ತಿದೆ ಕಣೇ" ಎಂದಳು. ಅವಳ ಕಣ್ಣು ತುಂಬಿತ್ತು. ಅದರ ಅರ್ಥ ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಧ್ವನಿಮುದ್ರಿಕೆಗಳಲ್ಲಿ ಒಂದು ಗಿಟಾರನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಹಂಚಿ ಇಡುವ ವಾಡಿಕೆಯಿದೆ. ಹೆಡ್‌ಫೋನ್ ಹಾಕಿಕೊಂಡು ಕಾಲೇಜಿನ ದಿನಗಳಿಂದ ಕೇಳುತ್ತ ಬಂದ ಆ ಹಾಡುಗಳಲ್ಲಿ ಅರ್ಧಭಾಗ ಅವಳ ಪಾಲಿಗೆ ಬಂದೇ ಇರಲಿಲ್ಲ. ಬಯಲಿನಲ್ಲಿ ಹಾಗೆ ಹಂಚಲಾಗುವುದಿಲ್ಲ. ಎಡತುದಿಯಲ್ಲಿ ನಿಂತವರಿಗೂ ಬಲತುದಿಯಲ್ಲಿ ನಿಂತವರಿಗೂ ಹಾಡು ಇಡಿಯಾಗಿ ಸಿಗಬೇಕಾದ್ದರಿಂದ ಎರಡೂ ಬದಿಯ ಸ್ಪೀಕರುಗಳಿಂದ ಬಹುಮಟ್ಟಿಗೆ ಒಂದೇ ನಾದವನ್ನು ಬಿಡುತ್ತಾರೆ. ಆ ಸಂಜೆ ಮೈದಾನದಲ್ಲಿದ್ದ ಸಾವಿರಾರು ಜನರಿಗೆ ಕೇಳಿಸಿದ್ದೇ ಅವಳಿಗೂ ಕೇಳಿಸಿತು, ಒಂದು ಎಳೆಯೂ ಕಡಿಮೆಯಿಲ್ಲದೆ. ನಡುವೆ ಒಮ್ಮೆ ವಾದ್ಯಗಳು ನಿಂತು, ಮಾತಿಲ್ಲದ ಒಂದು ಸ್ವರಸಾಲನ್ನು ಜನರೇ ಹಾಡತೊಡಗಿದಾಗ ಅವಳು ಕಣ್ಣು ಮುಚ್ಚಿ ನಿಂತಿದ್ದಳು. ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹುಡುಕಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಅದು ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು.

ರಾತ್ರಿ ಹತ್ತರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ನೇ ಇಸವಿಯಿಂದ ದೇಶದಲ್ಲೆಲ್ಲ ಇದೆ. ಸುತ್ತಲಿನ ಮನೆಗಳ ವೃದ್ಧರನ್ನೂ ಕೂಸುಗಳನ್ನೂ ನೆನೆದರೆ ಅದು ಸರಿಯಾದ ನಿಯಮವೆಂದೇ ನನ್ನ ಭಾವನೆ. ಕಾರ್ಯಕ್ರಮ ಮುಗಿದು ಜನ ಹೊರಟಾಗ ನನ್ನ ಎಡಗಿವಿಯಲ್ಲಿ ಜೀರುಂಡೆಯ ಸದ್ದು ತುಂಬಿಕೊಂಡಿತ್ತು. ಆ ಕಿವಿಯ ಬಿರಡೆ ನೂಕುನುಗ್ಗಲಿನಲ್ಲಿ ಯಾವಾಗಲೋ ಕೆಸರಿಗೆ ಬಿದ್ದುಹೋಗಿತ್ತು. ಮರುದಿನ ಸಂಜೆಗೆ ಅದು ಸರಿಹೋಯಿತಾದರೂ, ಆ ರಾತ್ರಿ ಜಯಮಹಲ್ ರಸ್ತೆಯಲ್ಲಿ ನಡೆಯುವಾಗ ಎಂದಿನಂತೆ ಅವಳ ಬಲಕ್ಕೆ ನಡೆಯುತ್ತಿದ್ದ ನನಗೆ ಅವಳ ಮಾತು ಒಂದೂ ಕೇಳಿಸಲಿಲ್ಲ. ಎರಡು ಸಲ "ಏನೇ?" ಎಂದು ಕೇಳಿದೆ. ಅವಳು ನಿಂತು ನನ್ನ ಮುಖ ನೋಡಿದಳು, ವಿಷಯ ತಿಳಿಯಿತು. ಸುಮ್ಮನೆ ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆಗೆ ನಿಂತಳು. ಅಲ್ಲಿಂದ ಮನೆಯವರೆಗೂ ಅವಳು ಹೇಳಿದ್ದೆಲ್ಲ ನನಗೆ ಕೇಳಿಸಿತು. ನಾನು ಹೇಳಿದ್ದನ್ನು ಅವಳು ಪ್ರತಿಸಲವೂ ಪೂರ್ತಿ ತಿರುಗಿ, ಬೀದಿದೀಪದ ಬೆಳಕಿನಲ್ಲಿ ನನ್ನ ತುಟಿಗಳನ್ನು ನೋಡುತ್ತ ಕೇಳಿಸಿಕೊಂಡಳು.