ಮಾತ್ರೆ ಕೆಲಸ ನಿಲ್ಲಿಸಿದಾಗ

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆ ಟೊಮ್ಯಾಟೊ ಬೆಳೆದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಹುಳಕ್ಕೆ ಒಂದು ಔಷಧಿ ಹೊಡೆಯುತ್ತೀರಿ. ಮೊದಲ ಸಲ ತೋಟ ಕ್ಲೀನ್ ಆಗುತ್ತದೆ. ಅದನ್ನೇ ಪದೇ ಪದೇ ಹೊಡೆದರೆ, ಒಂದು ದಿನ ಹುಳ ಜಗ್ಗುವುದೇ ಇಲ್ಲ. ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಜಗಳ ಆಡುತ್ತೇವೆ, ಅಲ್ವಾ? ಆದರೆ ಎಷ್ಟೋ ಸಲ ಔಷಧಿ ಅದೇ, ಹುಳ ಬೇರೆ. ಆ ಔಷಧಿ ತಟ್ಟದ ನಾಲ್ಕೈದು ಹುಳ ಮೊದಲೇ ಇದ್ದವು. ಉಳಿದವು ಸತ್ತವು, ಇವುಗಳ ಸಂತಾನ ಬೆಳೆಯಿತು.

ಶ್ವಾಸಕೋಶದ ಕ್ಯಾನ್ಸರ್‌ನಲ್ಲೂ ಹೀಗೇ ಆಗುತ್ತದೆ.

ಶ್ರೀನಿವಾಸಪುರದ ಕಡೆಯ ಒಬ್ಬ ತಾಯಿ ನನ್ನ ಹತ್ತಿರ ಈ ಕ್ಯಾನ್ಸರ್ ಚಿಕಿತ್ಸೆಗೆ ಬರುತ್ತಿದ್ದರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಪರೀಕ್ಷೆಯಲ್ಲಿ ಇಜಿಎಫ್‌ಆರ್ ಅನ್ನೋ ಜೀನ್‌ನಲ್ಲಿ ಬದಲಾವಣೆ ಕಂಡಿತು. ಬೀಡಿ ಸೇದದವರಲ್ಲಿ, ಹೆಂಗಸರಲ್ಲಿ ಇದು ಜಾಸ್ತಿ. ದಿನಕ್ಕೊಂದು ಮಾತ್ರೆ ಶುರುವಾಯಿತು, ಜೆಫಿಟಿನಿಬ್. ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯಿತು. ಆ ಸಲದ ಸುಗ್ಗಿಯಲ್ಲಿ ಮಂಡಿಗೆ ಹೋಗಿ ಮಾವು ಆರಿಸಲು ಕೂತರು.

ಹನ್ನೊಂದು ತಿಂಗಳ ಮೇಲೆ ಮತ್ತೆ ಕೆಮ್ಮು. ಮಗ ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲಿಟ್ಟು, "ಸಾರ್, ಇದು ಅಸಲಿ ಮಾತ್ರೆನೇನಾ?" ಅಂದ. ತಾಯಿ ತಲೆ ತಗ್ಗಿಸಿ, "ಹಬ್ಬದ ದಿನ ಒಂದು ಮಾತ್ರೆ ಮರೆತಿದ್ದೆ ಸಾಮಿ, ಅದಕ್ಕೇನಾ?" ಅಂತ ಕೇಳಿದರು.

ಅಲ್ಲಮ್ಮ, ಅದಕ್ಕಲ್ಲ.

ಇಜಿಎಫ್‌ಆರ್ ಅಂದರೆ ಜೀವಕೋಶಕ್ಕೆ 'ಬೆಳಿ' ಅಂತ ಹೇಳುವ ಒಂದು ಸ್ವಿಚ್ಚು. ಇಂಥ ಕ್ಯಾನ್ಸರ್‌ನಲ್ಲಿ ಅದು ಆನ್ ಆಗಿಯೇ ನಿಂತುಬಿಡುತ್ತದೆ. ಇದು ಗೊತ್ತಾಗಿದ್ದು 2004ರಲ್ಲಿ. ಮಾತ್ರೆ ಆ ಸ್ವಿಚ್ಚಿನ ಒಂದು ಸಂದಿಯಲ್ಲಿ ಕೂತು ಅದನ್ನು ಆಫ್ ಮಾಡುತ್ತದೆ. ಸ್ವಿಚ್ಚು ಒಂದು ಪ್ರೋಟೀನು. ಅದನ್ನು ಹೇಗೆ ಕಟ್ಟಬೇಕು ಅನ್ನೋ ಬರಹವೇ ಜೀನ್, ಅದು ಇರುವುದು ಡಿಎನ್‌ಎ ಅಕ್ಷರಗಳಲ್ಲಿ. ಪ್ರೋಟೀನನ್ನು ಮಣಿಸರ ಅಂದುಕೊಳ್ಳಿ. ಅದರ 790ನೇ ಮಣಿಯ ಹೆಸರು ಥ್ರಿಯೊನಿನ್. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಆ ಜಾಗಕ್ಕೆ ಮೆಥಿಯೊನಿನ್ ಅನ್ನೋ ದಪ್ಪ ಮಣಿ ಬರುತ್ತದೆ. ಜೊತೆಗೆ ಜೀವಕೋಶದ ಇಂಧನ ಆ ಸಂದಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾತ್ರೆಗೆ ಕೂರಲು ಜಾಗವಿಲ್ಲ. ಇದಕ್ಕೆ ಟಿ790ಎಂ ಅನ್ನುತ್ತಾರೆ. 2005ರಲ್ಲಿ ಪತ್ತೆಯಾಯಿತು. ಜೆಫಿಟಿನಿಬ್‌ನಂಥ ಹಳೆಯ ಮಾತ್ರೆಗಳು ಸೋತವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಾರಣ ಇದೇ. ಮೂರೂವರೆ ಸಾವಿರಕ್ಕೂ ಹೆಚ್ಚು ಅಕ್ಷರಗಳ ಬರಹದಲ್ಲಿ ಒಂದಕ್ಷರ! ಇಷ್ಟು ವರ್ಷವಾದರೂ ನನಗೆ ಇದು ಸೋಜಿಗವೇ.

ಅದಕ್ಕೂ ಮಾತ್ರೆ ಬಂದಿದೆ, ಒಸಿಮರ್ಟಿನಿಬ್. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು 797ನೇ ಮಣಿಗೆ ಕೊಂಡಿ ಹಾಕಿ ಕೂರುತ್ತದೆ. ಈಗ ಎಷ್ಟೋ ಜನರಿಗೆ ಮೊದಲಿಂದಲೇ ಇದನ್ನು ಕೊಡುತ್ತಾರೆ. ಆದರೆ ಕಾಲಕ್ರಮೇಣ ಆ 797ನೇ ಮಣಿಯೂ ಬದಲಾಗಬಹುದು. ಕೆಲವರಲ್ಲಿ ಮೆಟ್ ಅನ್ನೋ ಇನ್ನೊಂದು ಜೀನ್ ಜೋರಾಗಿ, ಕ್ಯಾನ್ಸರ್ ಅಡ್ಡದಾರಿ ಹಿಡಿಯುತ್ತದೆ. ಕೆಲವರಲ್ಲಿ ಕ್ಯಾನ್ಸರ್‌ನ ಜಾತಿಯೇ ಬದಲಾಗುತ್ತದೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಅದಕ್ಕೇ ಮಾತ್ರೆ ಕೆಲಸ ನಿಲ್ಲಿಸಿದಾಗ ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು ಅಂತ ನಾನು ಹಟ ಹಿಡಿಯುವುದು.

ರಕ್ತದಲ್ಲೇ ಗಡ್ಡೆಯ ಡಿಎನ್‌ಎ ಚೂರುಗಳನ್ನು ಹುಡುಕಬಹುದು. ಆ ತಾಯಿಯ ರಕ್ತದಲ್ಲಿ ಏನೂ ಸಿಗಲಿಲ್ಲ. 'ಸುಮ್ನೆ ದುಡ್ಡು ದಂಡ' ಅಂತ ಮಗ ಬೇಜಾರಾದ. ರಕ್ತದಲ್ಲಿ ಸಿಗಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಸೂಜಿ ಹಾಕಿ ಗಡ್ಡೆಯ ಚೂರು ತೆಗೆದಾಗ ಟಿ790ಎಂ ಸಿಕ್ಕಿತು. ಮಾತ್ರೆ ಬದಲಾಯಿತು. ಉಸಿರು ಸಲೀಸಾಯಿತು.

ಮನೆಯಲ್ಲಿ ಇಂಥ ಮಾತ್ರೆ ತಗೊಳ್ಳುವವರು ಇದ್ದರೆ, ಮೊದಲ ಜೀನ್ ರಿಪೋರ್ಟನ್ನು ಜೋಪಾನವಾಗಿಡಿ. ಕೆಮ್ಮು ಮರುಕಳಿಸಿದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಆ ರಿಪೋರ್ಟು ಕೈಯಲ್ಲಿರಲಿ. ಆ ತಾಯಿ ಅದನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದರು.

ನಮಸ್ಕಾರ.