ಮುಹರ್ರಕ್‌ನ ಮುತ್ತಿನ ಮನೆಗಳು

ಕೇಳುಗರಿಗೆ ನಮಸ್ಕಾರ.

ಬಹರೈನಿನ ಮುಹರ್ರಕ್ ಪಟ್ಟಣದ ಇಕ್ಕಟ್ಟಾದ ಓಣಿಗಳಲ್ಲಿ ಮುತ್ತಿನ ವರ್ತಕರ ಹಳೆಯ ಮನೆಗಳು ಇಂದಿಗೂ ನಿಂತಿವೆ. ಹಲವು ಮನೆಗಳ ಬೀದಿಯ ಗೋಡೆ ಬೋಳು. ಬಾಗಿಲು ದಾಟಿದರೆ ಅಂಗಳ, ಅದರ ಸುತ್ತ ಕೋಣೆಗಳು. ಗೋಡೆಗೆ ಕಡಲಿನಿಂದ ಎತ್ತಿ ತಂದ ಹವಳದ ಕಲ್ಲು, ಮೇಲೆ ಜಿಪ್ಸಂ ಗಾರೆ. ಕಟ್ಟಡಕ್ಕೆ ಒದಗುವ ಮರವೆಂದರೆ ಅಲ್ಲಿ ಖರ್ಜೂರದ ಮರವೊಂದೇ. ಹಾಗಾಗಿ ಮಾಡಿನ ತೊಲೆಗೆ ಪೂರ್ವ ಆಫ್ರಿಕಾದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಮರವೂ ಬಾಗಿಲಿಗೆ ಭಾರತದ ತೇಗವೂ ಹಾಯಿಹಡಗಿನಲ್ಲಿ ಬರುತ್ತಿದ್ದವು. ಕಾಂಡ್ಲಾ ತೊಲೆ ಮೂರು ನಾಲ್ಕು ಮೀಟರಿಗಿಂತ ಉದ್ದ ಸಿಗುವುದು ಅಪರೂಪ. ಆದ್ದರಿಂದ ಎಂಥ ಕೋಟ್ಯಧೀಶನ ಮನೆಯಲ್ಲೂ ಕೋಣೆ ಎಷ್ಟು ಬೇಕಾದರೂ ಉದ್ದವಿರಬಹುದು, ಅಗಲ ಮಾತ್ರ ತೊಲೆ ಹೇಳಿದಷ್ಟೇ!

ಸಿರಿತನವನ್ನೆಲ್ಲ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳ ಚಾವಡಿಯಲ್ಲಿ ನೋಡಬೇಕು. ಸಿಯಾದಿ ಮನೆತನದ ಚಾವಡಿಯಲ್ಲಿ ಗಾರೆಯ ಕೆತ್ತನೆ ಕಸೂತಿಯಷ್ಟು ನವುರು. ಇಂಥ ಚಾವಡಿಗಳಲ್ಲಿ ವರ್ತಕರು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಹಿತ್ತಾಳೆಯ ಜರಡಿಗಳಲ್ಲಿ ಮುತ್ತುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಬೆಲೆ ಕಟ್ಟುತ್ತಿದ್ದರು. ಬಹುಪಾಲು ಮುತ್ತು ಹೋಗುತ್ತಿದ್ದುದು ಮುಂಬಯಿಗೆ. 1912ರಲ್ಲಿ ಪ್ಯಾರಿಸ್ಸಿನ ಆಭರಣ ವ್ಯಾಪಾರಿ ಮನೆತನದ ಜಾಕ್ ಕಾರ್ಟಿಯೆ ಸ್ವತಃ ಬಹರೈನಿಗೆ ಬಂದಿದ್ದ.

ಆ ಮುತ್ತನ್ನು ತಂದವರು ಯಾರು? ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕಟ್ಟಿ, ಬೇಸಿಗೆಯುದ್ದಕ್ಕೂ ದಿನಕ್ಕೆ ಹತ್ತಾರು ಸಲ ಕಡಲಿಗಿಳಿದ ಮುಳುಗುಗಾರರು. ಮುಂಗಡ ಪಡೆದು ಹೊರಡುತ್ತಿದ್ದ ಅವರಲ್ಲಿ ಅನೇಕರ ಸಾಲ ವರ್ಷದಿಂದ ವರ್ಷಕ್ಕೆ ಉಳಿದೇ ಹೋಗುತ್ತಿತ್ತು. ಆ ಕೆತ್ತನೆಯ ಮುಂದೆ ಈ ಸಾಲದ ಲೆಕ್ಕ ನನ್ನ ಮನಸ್ಸನ್ನು ಕೊರೆಯುತ್ತದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 17 ಕಟ್ಟಡಗಳಲ್ಲಿ ವರ್ತಕರ ಮನೆಗಳ ಜೊತೆಗೆ ಮುಳುಗುಗಾರನ ಸಣ್ಣ ಮನೆಯೂ ಇದೆ. ಪಟ್ಟಿಯಲ್ಲಿ ಕಡಲೊಳಗಿನ ಮೂರು ಮುತ್ತಿನ ಚಿಪ್ಪಿನ ಹಾಸುಗಳೂ ಕಡಲತೀರದ ತುಣುಕೂ ಇವೆ. ಆ ಆಯ್ಕೆ ನ್ಯಾಯವಾದದ್ದು.

ಜಪಾನಿನ ಸಾಕಣೆ ಮುತ್ತು, 1929ರ ಆರ್ಥಿಕ ಕುಸಿತ ಎರಡೂ ಸೇರಿ ಈ ವ್ಯಾಪಾರವನ್ನು ನೆಲಕಚ್ಚಿಸಿದವು. 1932ರಲ್ಲಿ ತೈಲ ಸಿಕ್ಕಿತು. ಕಾಲಕ್ರಮದಲ್ಲಿ ಅನೇಕ ಮನೆಗಳು ಪಾಳುಬಿದ್ದವು. ಹವಳದ ಕಲ್ಲಿಗೆ ಸಿಮೆಂಟು ಮೆತ್ತಿದರೆ ತೇವವೂ ಉಪ್ಪೂ ಒಳಗೇ ಉಳಿದು ಗೋಡೆ ಪುಡಿಯಾಗುತ್ತದೆ. ದುರಸ್ತಿಗೆ ಹಳೆಯ ಗಾರೆಯೇ ಬೇಕು.

ಬೂ ಮಾಹಿರ್ ಕೋಟೆಯಿಂದ ಸಿಯಾದಿ ಮನೆಯವರೆಗೆ ಸುಮಾರು ಮೂರೂವರೆ ಕಿಲೋಮೀಟರ್ ಕಾಲುದಾರಿಯಿದೆ. ಬಹರೈನಿನ ವಿಮಾನ ನಿಲ್ದಾಣವೂ ಇದೇ ದ್ವೀಪದಲ್ಲಿದೆ. ಬಹರೈನಿನಲ್ಲಿ ದುಡಿಯುವ ಕನ್ನಡಿಗರು ಒಂದು ಶುಕ್ರವಾರ ಸಂಜೆ ಬಿಸಿಲು ತಗ್ಗಿದ ಮೇಲೆ ಈ ದಾರಿಯಲ್ಲಿ ನಡೆದುನೋಡಿ.