ಯಾವುದರ ಜೊತೆ ಹೋಲಿಸಿ ನೋಡಿದಿರಿ?

(ದಾವಣಗೆರೆಯಲ್ಲಿ ಸಣ್ಣ ಉದ್ದಿಮೆದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಮೈಕ್ ಕೇಳಿಸುತ್ತಿದೆಯಾ? ಸರಿ.

ಇಲ್ಲಿ ಅಕ್ಕಿ ಗಿರಣಿಯವರಿದ್ದೀರಿ, ಮಂಡಕ್ಕಿ ಭಟ್ಟಿಯವರಿದ್ದೀರಿ, ಗಾರ್ಮೆಂಟ್ಸ್ ನಡೆಸುವ ಅಕ್ಕಂದಿರಿದ್ದೀರಿ, ಚಳ್ಳಕೆರೆಯಿಂದ ಎಣ್ಣೆ ಮಿಲ್ಲಿನವರೂ ಬಂದಿದ್ದೀರಿ. ಹಾಗಾಗಿ ನಮ್ಮೂರಿನ ಹತ್ತಿ ಮಿಲ್ಲುಗಳ ಕಥೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಆ ಮಿಲ್ಲುಗಳು ಯಾಕೆ ಮುಚ್ಚಿದವು ಅಂತ ಕೇಳಿದರೆ ಒಬ್ಬರು ಯೂನಿಯನ್ ಅಂತಾರೆ, ಒಬ್ಬರು ಕರೆಂಟು ಅಂತಾರೆ, ಇನ್ನೊಬ್ಬರು ಹಳೇ ಮೆಷಿನ್ನು ಅಂತಾರೆ, ಮತ್ತೊಬ್ಬರು ಮಾಲೀಕರ ಕಡೆ ಬೆರಳು ತೋರಿಸುತ್ತಾರೆ. ಎಲ್ಲರ ಉತ್ತರವೂ ಗಟ್ಟಿ. ಯಾರಿಗೂ ಅನುಮಾನವೇ ಇಲ್ಲ. ಆದರೆ ಅದೇ ಯೂನಿಯನ್, ಅದೇ ಕರೆಂಟು ಇದ್ದೂ ಬೇರೆ ಕಡೆ ನಡೆದ ಮಿಲ್ಲುಗಳು ಇದ್ದವಾ ಅಂತ ಕೇಳಿದವರು ಎಷ್ಟು ಜನ?

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ನಿಮ್ಮ ಸಂಸ್ಥೆಯಲ್ಲಿ ಯಾರಾದರೂ ಬಂದು "ಇದರಿಂದ ಲಾಭ ಆಯ್ತು", "ಇವನಿಂದ ನಷ್ಟ ಆಯ್ತು" ಅಂದಾಗ, ಒಂದು ಪ್ರಶ್ನೆ ಕೇಳಿ: ಯಾವುದರ ಜೊತೆ ಹೋಲಿಸಿ ನೋಡಿದಿರಿ? ಎಂಬಿಎ ಬೇಡ, ಸಾಫ್ಟ್‌ವೇರ್ ಬೇಡ. ಈ ಪ್ರಶ್ನೆ ಕೇಳುವ ಅಭ್ಯಾಸ ಇಲ್ಲದೆ ಎಷ್ಟು ದುಡ್ಡು ಹೋಗುತ್ತಿದೆ, ಎಷ್ಟು ಒಳ್ಳೇ ಕೆಲಸಗಾರರು ಸುಮ್ನೆ ಮನೆಗೆ ಹೋಗುತ್ತಿದ್ದಾರೆ ಅನ್ನೋದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಒಂದು ಅಕ್ಕಿ ಗಿರಣಿಯ ಕಥೆ ಹೇಳುತ್ತೇನೆ. ಇದೇ ಜಿಲ್ಲೆಯದು, ಹೆಸರು ಬೇಡ. ಭದ್ರಾ ಅಚ್ಚುಕಟ್ಟಿನ ಭತ್ತ ಬರುವ ಗಿರಣಿ. ಅಲ್ಲಿ ರಾತ್ರಿ ಪಾಳಿಯಲ್ಲಿ ನುಚ್ಚು ಜಾಸ್ತಿ ಬರುತ್ತಿತ್ತು. ಹಗಲಲ್ಲಿ ಇಡಿ ಅಕ್ಕಿ ಚೆನ್ನಾಗಿ ಬೀಳುತ್ತದೆ, ರಾತ್ರಿ ಆಯಿತೋ ನುಚ್ಚಿನ ಚೀಲ ತುಂಬುತ್ತದೆ. ನುಚ್ಚಿನ ರೇಟಿಗೂ ಅಕ್ಕಿಯ ರೇಟಿಗೂ ಎಷ್ಟು ಅಂತರ ಅಂತ ನಿಮಗೆ ಗೊತ್ತು. ಸಾಹುಕಾರ್ರು ತೀರ್ಮಾನ ಮಾಡಿಬಿಟ್ಟಿದ್ದರು: ರಾತ್ರಿ ಆಪರೇಟರ್ ನಿದ್ದೆ ಮಾಡ್ತಾನೆ, ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲ್ ಬಿಗಿ ನೋಡೋದಿಲ್ಲ, ಅವನನ್ನು ತೆಗೆಯಬೇಕು.

ಅವರ ಹತ್ತಿರ ಲೆಕ್ಕ ಇರಲಿಲ್ಲವಾ? ಇತ್ತು. ಗುಮಾಸ್ತರು ಅಚ್ಚುಕಟ್ಟಾಗಿ ಪಾಳಿವಾರು ಬರೆದಿದ್ದರು: ಎಷ್ಟು ಭತ್ತ ಹಾಕಿದೆ, ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು. ಪುಸ್ತಕ ನೋಡಿದರೆ ಸಾಹುಕಾರ್ರು ಹೇಳಿದ್ದು ಸತ್ಯ. ರಾತ್ರಿ ನುಚ್ಚು ಜಾಸ್ತಿ. ಆದರೆ ಆ ಲೆಕ್ಕದಲ್ಲಿ ರಾತ್ರಿ ಬೇರೆ, ಆಪರೇಟರ್ ಬೇರೆ ಅಂತ ಬಿಡಿಸುವ ದಾರಿಯೇ ಇಲ್ಲ. ಯಾಕೆಂದರೆ ಅವನು ಯಾವಾಗಲೂ ರಾತ್ರಿಯೇ, ಇನ್ನೊಬ್ಬ ಯಾವಾಗಲೂ ಹಗಲೇ. ನಾನು ಕೇಳಿದ್ದು ಇಷ್ಟೇ: ಇಬ್ಬರ ಪಾಳಿಯನ್ನೂ ಸ್ವಲ್ಪ ದಿನ ಅದಲುಬದಲು ಮಾಡ್ತೀರಾ? ಕೆಲಸದಿಂದ ತೆಗೆಯೋದು ಆಮೇಲೆ ಇದ್ದೇ ಇದೆ.

ಮಾಡಿದರು. ನುಚ್ಚು ರಾತ್ರಿಯಲ್ಲೇ ಉಳಿಯಿತು! ಆಪರೇಟರ್ ಬದಲಾದ, ನುಚ್ಚು ಜಾಗ ಬಿಟ್ಟು ಕದಲಲಿಲ್ಲ. ಹಗಲಿನ ಆಪರೇಟರ್ ಒಳ್ಳೇ ಹೆಸರಿದ್ದವನು, ರಾತ್ರಿಗೆ ಬಂದು ಅವನಿಗೂ ಅದೇ ಗತಿ.

ಹಾಗಾದರೆ ರಾತ್ರಿಯಲ್ಲಿ ಏನಿದೆ? ವೋಲ್ಟೇಜಾ, ಬೆಳಕಾ? ನಾವು ಗಂಡಸರೆಲ್ಲ ಮೆಷಿನ್ ಸುತ್ತ ನಿಂತು ಮಾತಾಡುತ್ತಿದ್ದೆವು. ಹೊರಗೆ ಸಿಮೆಂಟ್ ಕಣದಲ್ಲಿ ಭತ್ತ ಒಣಗಿಸುವ ಹೆಣ್ಣುಮಕ್ಕಳು ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದರು. ಅವರಲ್ಲಿ ವಯಸ್ಸಾದ ಒಬ್ಬ ಅಮ್ಮ ಹೇಳಿದರು: "ದಿನಾ ಸಂಜಿಗೆ ಕಣದ ಬಿಸಿ ಭತ್ತ ಹಂಗೇ ಬಾಚಿ ಒಳಗೆ ಹಾಕ್ತೀರಿ. ಆರಾಕೆ ಬಿಡಂಗಿಲ್ಲ. ಒಡೀದೆ ಏನ್ ಮಾಡ್ತದೆ ಸಾವ್ಕಾರ್ರೆ?" ಹಗಲು ಪಾಳಿಗೆ ಗೋದಾಮಿನಲ್ಲಿ ಇಟ್ಟಿದ್ದ ಭತ್ತ ಹೋಗುತ್ತಿತ್ತು. ರಾತ್ರಿಗೆ ಅವತ್ತೇ ಬಿಸಿಲಿಗೆ ಹಾಕಿದ್ದು. ಭತ್ತದ ತೇವಾಂಶ ಶೇಕಡಾ 14ರ ಆಸುಪಾಸು ಇದ್ದರೆ ಗಿರಣಿಗೆ ಒಳ್ಳೇದು ಅನ್ನೋದು ನಿಮಗೆಲ್ಲ ಗೊತ್ತಿರುವುದೇ. ಆದರೆ ಕಡು ಬಿಸಿಲಲ್ಲಿ ತೆಳ್ಳಗೆ ಹರಡಿ ಬೇಗ ಒಣಗಿಸಿದರೆ ಕಾಳಿನ ಮೇಲ್ಭಾಗ ಮೊದಲು ಒಣಗುತ್ತದೆ, ಒಳಗೆ ತೇವ ಉಳಿಯುತ್ತದೆ, ಕಾಳಿನಲ್ಲಿ ಸಣ್ಣ ಬಿರುಕು ಬೀಳುತ್ತದೆ. ಕಣ್ಣಿಗೆ ಕಾಣೋದಿಲ್ಲ. ರೋಲಿನ ಮಧ್ಯೆ ಹೋದಾಗ ಒಡೆಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಅಮ್ಮನ ಮಾತು ಎಲ್ಲರಿಗೂ ಹಿಡಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ? ಒಂದು ನಂಬಿಕೆ ಹೋಗಿ ಇನ್ನೊಂದು ನಂಬಿಕೆ ಬಂದಂತೆ ಆಗುತ್ತಿತ್ತು. ಅದಕ್ಕೇ ಅವರ ಮಾತನ್ನೂ ಹೋಲಿಸಿ ನೋಡಿದೆವು. ಒಂದೇ ಲಾಟಿನ ಭತ್ತ. ಅರ್ಧವನ್ನು ಒಣಗಿಸಿದ ದಿನ ರಾತ್ರಿಯೇ ಹಾಕಿದ್ದು, ಇನ್ನರ್ಧವನ್ನು ರಾಶಿ ಮಾಡಿ ಆರಲು ಬಿಟ್ಟು ಮರುದಿನ ರಾತ್ರಿ ಹಾಕಿದ್ದು. ಅದೇ ಮೆಷಿನ್, ಅದೇ ಆಪರೇಟರ್, ಅದೇ ರಾತ್ರಿ ಹೊತ್ತು. ಒಂದು ಸಲ ಸಾಲದು ಅಂತ ಮತ್ತೆ ಮತ್ತೆ ಮಾಡಿದ್ದು. ಆರಿದ ಭತ್ತದಲ್ಲಿ ಪ್ರತಿ ಸಲವೂ ನುಚ್ಚು ಕಡಿಮೆ. ಆಮೇಲೆ ಒಣಗಿಸುವ ರೀತಿಯನ್ನೇ ಬದಲಾಯಿಸಿದರು. ಸ್ವಲ್ಪ ದಪ್ಪಗೆ ಹರಡುವುದು, ಪದೇ ಪದೇ ತಿರುವಿ ಹಾಕುವುದು, ಒಂದು ದಿನ ಆರಲು ಬಿಡುವುದು. ರಾತ್ರಿ ಆಪರೇಟರ್ ಅಲ್ಲೇ ಇದ್ದಾನೆ. ಕಣದ ಅಮ್ಮನಿಗೆ ಸಾಹುಕಾರ್ರು ಸೀರೆ ಕೊಟ್ಟರು. ಕೂಲಿ ಜಾಸ್ತಿ ಮಾಡಿ ಅಂತ ನಾನು ಹೇಳಿದ್ದೆ, ಆಮೇಲೆ ಅದನ್ನೂ ಮಾಡಿದರು.

(ಚಪ್ಪಾಳೆ ಆ ಅಮ್ಮನಿಗೆ ಸಲ್ಲಬೇಕು.)

ಇನ್ನೊಂದು. ನಮ್ಮಲ್ಲಿ ಬಹಳ ಜನಕ್ಕೆ ಬೈದರೆ ಕೆಲಸ ಆಗುತ್ತದೆ ಅನ್ನೋ ನಂಬಿಕೆ ಇದೆ. ಅನುಭವದಿಂದಲೇ ಬಂದಿದ್ದು. ಡೇನಿಯಲ್ ಕಾನಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು ಅವರಿಗೆ. ಇಸ್ರೇಲ್ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವವರಿಗೆ ಪಾಠ ಮಾಡುತ್ತಿದ್ದಾಗ ಅಲ್ಲಿನ ಒಬ್ಬ ಶಿಕ್ಷಕ ಎದ್ದು ನಿಂತು ಹೇಳಿದನಂತೆ: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸರಿ ಮಾಡುತ್ತಾನೆ. ಕಾನಮನ್‌ಗೆ ತಕ್ಷಣ ಹೊಳೆಯಿತು. ಯಾರೇ ಆಗಲಿ, ತೀರಾ ಕೆಟ್ಟ ದಿನ ಆದ ಮೇಲೆ ಸಾಮಾನ್ಯವಾಗಿ ಅದಕ್ಕಿಂತ ಪರವಾಗಿಲ್ಲ ಅನ್ನುವ ದಿನವೇ ಬರುತ್ತದೆ. ತೀರಾ ಒಳ್ಳೇ ದಿನದ ಮಾರನೇ ದಿನ ಸ್ವಲ್ಪ ಇಳಿಯುತ್ತದೆ. ನೀವು ಬೈದರೂ ಅಷ್ಟೇ, ಬೈಯದಿದ್ದರೂ ಅಷ್ಟೇ.

ಈಗ ನಿಮ್ಮ ಗಾರ್ಮೆಂಟ್ಸ್ ಲೈನ್ ನೆನಪು ಮಾಡಿಕೊಳ್ಳಿ ಅಕ್ಕಾ. ಸೂಪರ್‌ವೈಸರ್ ಕೂಗಾಡುವುದು ಯಾವತ್ತು? ರಿಜೆಕ್ಷನ್ ತೀರಾ ಜಾಸ್ತಿ ಆದ ದಿನ. ಮರುದಿನ ಕಡಿಮೆ ಆಗುತ್ತದೆ. "ನೋಡಿ ಮೇಡಂ, ಬಾಯಿ ಮಾಡಿದ್ದಕ್ಕೆ ಸರಿ ಹೋಯ್ತು" ಅಂತಾನೆ. ಯಾವುದರ ಜೊತೆ ಹೋಲಿಸಿದ? ಅಷ್ಟೇ ಕೆಟ್ಟ ದಿನ ಬಂದು ಅವನು ಬೈಯದೇ ಇದ್ದ ದಿನಗಳ ಜೊತೆ ಹೋಲಿಸಬೇಕಲ್ವಾ? ಆ ದಿನಗಳೇ ಅವನ ಹತ್ತಿರ ಇಲ್ಲ. ಅಷ್ಟು ಹೊತ್ತಿಗೆ ಇಬ್ಬರು ಒಳ್ಳೇ ಟೈಲರ್‌ಗಳು ಕೆಲಸ ಬಿಟ್ಟಿರುತ್ತಾರೆ, ಅದು ಅವನ ಲೆಕ್ಕಕ್ಕೆ ಬರೋದೇ ಇಲ್ಲ.

ಈ ರೀತಿ ಯೋಚಿಸುವುದನ್ನು ಮೊದಲು ಗಟ್ಟಿ ಮಾಡಿದ್ದು ವೈದ್ಯರು. 1990ರ ದಶಕದ ಆರಂಭದಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಟ್ ಮತ್ತು ಅವರ ಜೊತೆಯವರು, ಹಿರಿಯ ಡಾಕ್ಟರ್ ಹೇಳಿದ್ದಾರೆ ಅನ್ನೋದಷ್ಟೇ ಸಾಲದು, ಪುರಾವೆ ಎಷ್ಟು ಗಟ್ಟಿ ಅಂತ ನೋಡಬೇಕು ಅಂತ ಹಟ ಹಿಡಿದರು. ಆಮೇಲೆ ಅಮೆರಿಕದ ಪ್ರಾಧ್ಯಾಪಕಿ ಡೆನಿಸ್ ರೂಸೋ ಅವರಂಥವರು ಇದನ್ನೇ ಸಂಸ್ಥೆಗಳ ಆಡಳಿತಕ್ಕೂ ತಂದರು. ಅವರು ಹೇಳುವುದು ಸಂಶೋಧನೆ ಒಂದನ್ನೇ ಅಲ್ಲ. ನಿಮ್ಮ ಸಂಸ್ಥೆಯ ಲೆಕ್ಕಪತ್ರವೂ ಬೇಕು, ಕೆಲಸ ಮಾಡುವವರ ಅನುಭವವೂ ಬೇಕು, ಆ ನಿರ್ಧಾರದಿಂದ ಯಾರ ಬದುಕಿಗೆ ತಟ್ಟುತ್ತದೋ ಅವರ ಮಾತೂ ಬೇಕು. ಗಿರಣಿಯಲ್ಲಿ ಗುಮಾಸ್ತರ ಪುಸ್ತಕ, ಕಣದ ಅಮ್ಮ, ಕೆಲಸ ಕಳಕೊಳ್ಳಲಿದ್ದ ಆಪರೇಟರ್, ಎಲ್ಲರೂ ಇದ್ದರಲ್ಲ.

"ಇದೆಲ್ಲ ಫಾರಿನ್ ಮಾತು, ನಮ್ಮ ಕಡೆ ನಡೆಯಲ್ಲ" ಅಂತ ಯಾರೋ ಮೊದಲ ಸಾಲಿನಲ್ಲೇ ಅಂದರು. ಒಳ್ಳೇದಾಯ್ತು, ಅದಕ್ಕೇ ಬರುತ್ತಿದ್ದೆ. ನಮ್ಮ ದೇಶದಲ್ಲೇ, ಅದೂ ಬಟ್ಟೆ ಗಿರಣಿಗಳಲ್ಲೇ ನಡೆದ ಪ್ರಯೋಗ ಇದೆ. 2008ರಲ್ಲಿ ಶುರುವಾಗಿದ್ದು, ಮುಂಬೈ ಸುತ್ತಮುತ್ತ. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್, ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ ಮತ್ತಿತರರು ಮಾಡಿದ್ದು. 14 ಘಟಕಗಳಿಗೆ ಒಂದು ತಿಂಗಳು ತಪಾಸಣೆ, ಆಮೇಲೆ ನಾಲ್ಕು ತಿಂಗಳು ಸಲಹೆಗಾರರು ಅಲ್ಲೇ ನಿಂತು ಸುಧಾರಣೆ. ಇನ್ನು 6 ಘಟಕಗಳಿಗೆ ತಪಾಸಣೆ ಮಾತ್ರ. ಯಾರಿಗೆ ಏನು ಅನ್ನೋದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದ್ದು. ಆ 6 ಯಾಕೆ ಬೇಕಿತ್ತು ಅಂತ ಈಗ ನಿಮಗೇ ಗೊತ್ತು.

ಅವರು ಮಾಡಿಸಿದ್ದು ಏನು ಮಹಾ? ಮೆಷಿನ್‌ಗೆ ಹೊತ್ತು ಹೊತ್ತಿಗೆ ಎಣ್ಣೆ, ರಿಪೇರಿ. ನೂಲಿನ ದಾಸ್ತಾನು ಎಲ್ಲಿ ಎಷ್ಟಿದೆ ಅಂತ ಬರೆದಿಡುವುದು. ನೆಲದ ಮೇಲೆ ಬಿದ್ದಿದ್ದ ಕಸ, ಸಾಮಾನು ತೆಗೆದು ಜೋಡಿಸುವುದು. ಬಟ್ಟೆಯಲ್ಲಿ ಯಾವ ದೋಷ ಯಾವ ಮಗ್ಗದಿಂದ ಬರುತ್ತಿದೆ ಅಂತ ದಿನಾ ಗುರುತಿಸಿ ಬೆಳಿಗ್ಗೆ ಕೂತು ಮಾತಾಡುವುದು. ಅದಕ್ಕೂ ಮುಂಚೆ ದೋಷ ಬಂದ ಬಟ್ಟೆಯನ್ನು ಕೈಯಲ್ಲಿ ಸರಿಪಡಿಸುವುದಕ್ಕೇ ದೊಡ್ಡ ತಂಡ ಬೇಕಾಗುತ್ತಿತ್ತು. ಮೊದಲ ವರ್ಷದಲ್ಲೇ ಉತ್ಪಾದಕತೆ ಸುಮಾರು 17 ಶೇಕಡಾ ಹೆಚ್ಚಾಯಿತು. 2013ರಲ್ಲಿ ಇದು ಪ್ರಕಟವಾಯಿತು. ಇಷ್ಟು ಸುಲಭದ ಕೆಲಸವನ್ನು ಮಾಲೀಕರು ಮೊದಲೇ ಯಾಕೆ ಮಾಡಿರಲಿಲ್ಲ? ಬಹಳ ಜನ ತಮ್ಮ ಗುಣಮಟ್ಟ ಚೆನ್ನಾಗೇ ಇದೆ, ಅಕ್ಕಪಕ್ಕದವರದೂ ಹೀಗೇ ಇದೆ ಅಂದುಕೊಂಡಿದ್ದರು. ಅಕ್ಕಪಕ್ಕದವರ ಜೊತೆ ಹೋಲಿಸಿದ್ದರು ಪಾಪ, ಆದರೆ ಅಲ್ಲೂ ಅದೇ ಕಸ ಬಿದ್ದಿತ್ತು.

ಇನ್ನೂ ಇದೆ ಕೇಳಿ. ಸುಮಾರು ಒಂಬತ್ತು ವರ್ಷ ಬಿಟ್ಟು ಅದೇ ಗಿರಣಿಗಳಿಗೆ ಮತ್ತೆ ಹೋದರು. ತಂದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಮುಖ್ಯ ಕಾರಣ, ಮ್ಯಾನೇಜರ್ ಬದಲಾಗಿದ್ದು ಮತ್ತು ಮಾಲೀಕರಿಗೆ ಪುರುಸೊತ್ತು ಇಲ್ಲದ್ದು. ಆದರೂ ಉಳಿದ ಗಿರಣಿಗಳಿಗಿಂತ ಇವು ಮುಂದೇ ಇದ್ದವು. ಆ ಪುರುಸೊತ್ತಿನ ಮಾತು ನನಗೆ ಬಹಳ ನಾಟಿತು. ನಮ್ಮಲ್ಲಿ ಲೆಕ್ಕ ಬರೆಯುವವರು ಇದ್ದಾರೆ. ಬರೆದ ಲೆಕ್ಕವನ್ನು ತಿರುವಿ ನೋಡುವ ಹೊತ್ತು ಯಾರ ದಿನಚರಿಯಲ್ಲೂ ಇಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ.

ಕೆಲಸಕ್ಕೆ ತೆಗೆದುಕೊಳ್ಳುವ ವಿಷಯ. ಯಾರ ಮಗ, ಯಾವೂರು, ಮಾತು ಹೇಗೆ ಅಂತ ಹತ್ತು ನಿಮಿಷ ಹರಟೆ ಹೊಡೆದು "ಹುಡುಗ ಚುರುಕಿದ್ದಾನೆ" ಅನ್ನುತ್ತೇವೆ. ದಶಕಗಟ್ಟಲೆ ಸಂಶೋಧನೆ ಹೇಳುವುದೇನೆಂದರೆ ಎಲ್ಲರಿಗೂ ಅದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನ ಇಂಥ ಹರಟೆಗಿಂತ ಒಳ್ಳೇದು. ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದೂ ಒಳ್ಳೇದು. ಟೈಲರ್ ಬೇಕಾದರೆ ಕಾಲರ್ ಹೊಲಿಸಿ ನೋಡಿ. ಕೆಲಸಕ್ಕೆ ಸೇರಿಸಿದಾಗ ಹಾಕಿದ ಅಂಕ ಬಿಸಾಡಬೇಡಿ, ವರ್ಷ ಆದ ಮೇಲೆ ಅವನ ಕೆಲಸದ ಜೊತೆ ಇಟ್ಟು ನೋಡಿ.

ಅಂಕಿ ಇದ್ದ ಮಾತ್ರಕ್ಕೆ ನಂಬಬೇಡಿ ಅನ್ನೋದು ಇನ್ನೊಂದು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗ್ರಾಹಕನಿಗೆ ಇಷ್ಟು ಖಾತೆ ಮಾರಲೇಬೇಕು ಅಂತ ಸಿಬ್ಬಂದಿಯ ಬೆನ್ನು ಹತ್ತಿತು. ಅಂಕಿ ಏರುತ್ತಾ ಹೋಯಿತು. 2016ರಲ್ಲಿ ಹೊರಬಿತ್ತು, ಗ್ರಾಹಕರಿಗೆ ಗೊತ್ತಿಲ್ಲದೆಯೇ ಲಕ್ಷಗಟ್ಟಲೆ ಖಾತೆ ತೆರೆದಿದ್ದರು. 18.5 ಕೋಟಿ ಡಾಲರ್ ದಂಡ. ಟಾರ್ಗೆಟ್ ಕೊಟ್ಟ ಅಂಕಿಯೇ ಪುರಾವೆ ಆಗುವುದಿಲ್ಲ.

ಸಂಬಳ, ಬೋನಸ್ ಬಗ್ಗೆ ಬರೆದುಕೊಂಡು ಬಂದಿದ್ದೆ, ಇವತ್ತು ಬಿಡುತ್ತೇನೆ.

ಒಂದು ಕೆಲಸ ಕೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ನಿಮ್ಮ ಘಟಕದಲ್ಲಿ ಒಂದೇ ಒಂದು ಹೋಲಿಕೆ ಮಾಡಿ ನೋಡಲು ತಯಾರಿದ್ದರೆ, ಊಟಕ್ಕೆ ಹೋಗುವ ಮುಂಚೆ ಹೆಸರು ಕೊಡಿ. ಚಿಕ್ಕದೇ ಇರಲಿ. ಎರಡು ಭಟ್ಟಿ ಇದ್ದರೆ ಒಂದರಲ್ಲಿ ಹೊಸ ಪದ್ಧತಿ, ಒಂದರಲ್ಲಿ ಹಳೇದು. ಎರಡು ಲೈನ್ ಇದ್ದರೆ ಹಾಗೇ. ಏನಾದರೆ ಹೊಸದು ಗೆದ್ದ ಹಾಗೆ ಅಂತ ಶುರು ಮಾಡುವ ಮುಂಚೆಯೇ ಕಾಗದದಲ್ಲಿ ಬರೆದಿಡಬೇಕು, ಆಮೇಲೆ ಮಾತು ಬದಲಾಯಿಸುವಂತಿಲ್ಲ. ಲೆಕ್ಕದ ಹಾಳೆ ನಾನು ಮಾಡಿಕೊಡುತ್ತೇನೆ, ನಿಮ್ಮ ಗುಮಾಸ್ತರ ಜೊತೆ ನಾನೇ ಬಂದು ಕೂರುತ್ತೇನೆ, ದುಡ್ಡು ಬೇಡ. ಮುಂದಿನ ಸಭೆಯಲ್ಲಿ ಬಂದು ಫಲಿತಾಂಶ ಹೇಳಬೇಕು, ಉಪಯೋಗ ಆಗಲಿಲ್ಲ ಅಂದರೆ ಅದನ್ನೂ ಇಲ್ಲೇ ನಿಂತು ಹೇಳಬೇಕು.

ಹಾಂ, ಚಳ್ಳಕೆರೆ ಅಣ್ಣಾವ್ರು ಆಗಲೇ ಕೈ ಎತ್ತಿದ್ದಾರೆ. ಮೈಕ್ ಅವರ ಹತ್ತಿರ ಕೊಡಿ.